ಮನೆಯಲ್ಲೇ ಇರಿ ಎಂದಾಗ ಯಾರ ಮನೆ ಎಷ್ಟಿತ್ತು

2020ರ ಮಾರ್ಚ್ 25 ಯುಗಾದಿ. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಮಾತನಾಡಿ, ಆ ನಡುರಾತ್ರಿಯಿಂದಲೇ ದೇಶಕ್ಕೆ ದೇಶವೇ 21 ದಿನ ಮನೆಯೊಳಗಿರಬೇಕು ಎಂದರು. ಒಬ್ಬಟ್ಟಿಗೆ ಬೇಳೆ, ಬೆಲ್ಲ ತಂದಿಟ್ಟುಕೊಂಡವರೂ ಇನ್ನೂ ತರಬೇಕಿದ್ದವರೂ ಒಟ್ಟಿಗೇ ಅಂಗಡಿಗೆ ಓಡಿದರು. ತುಮಕೂರು ರಸ್ತೆಯಲ್ಲಿ ಅದಕ್ಕೂ ಮೊದಲೇ ಜನ ಹೊರಟಾಗಿತ್ತು. 22ರ ಭಾನುವಾರದ ಜನತಾ ಕರ್ಫ್ಯೂ ಮುಗಿದದ್ದೇ ತಡ, ನೆಲಮಂಗಲದ ಟೋಲ್ ಕಡೆಗೆ ಬೈಕು, ಕಾರು, ಟೆಂಪೊಗಳ ಸಾಲು ಬೆಳೆಯಿತು. ಹಬ್ಬಕ್ಕೆ ಹೇಗೂ ಊರಿಗೆ ಹೋಗುವವರು ಅವರು. ಎರಡು ದಿನ ಮುಂಚೆ ಹೊರಟವರು ಊರು ಸೇರಿಕೊಂಡರು. ಸಂಬಳ ಆಗಲಿ, ಬೋನಸ್ ಕೈಗೆ ಬರಲಿ ಎಂದು ಕಾದವರು ಪೀಣ್ಯ, ಹೆಗ್ಗನಹಳ್ಳಿ, ಲಗ್ಗೆರೆಯ ಬಾಡಿಗೆ ಕೋಣೆಗಳಲ್ಲೇ ಉಳಿದರು.

ಕರ್ನಾಟಕಕ್ಕೆ ಕೊರೊನಾ ಬಂದು ಆಗ ಎರಡು ವಾರವಷ್ಟೇ ಆಗಿತ್ತು. ಅಮೆರಿಕದಿಂದ ಬೆಂಗಳೂರಿಗೆ ಮರಳಿದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಸೋಂಕು ತಗುಲಿದ್ದು ಮಾರ್ಚ್ 9ರಂದು ಗೊತ್ತಾಯಿತು. ಮರುದಿನ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ಭಾರತದ ಮೊದಲ ಕೊರೊನಾ ಸಾವು ಎಂದು ಎರಡು ದಿನದ ಮೇಲೆ ಖಚಿತವಾಯಿತು. 13ರಂದು ಮುಖ್ಯಮಂತ್ರಿ ಯಡಿಯೂರಪ್ಪ ಮಾಲ್, ಸಿನಿಮಾ ಮಂದಿರ, ಅದ್ಧೂರಿ ಮದುವೆಗಳಿಗೆ ಒಂದು ವಾರ ತಡೆ ಹಾಕಿದರು, ಐಟಿ ಕಂಪನಿಗಳಿಗೆ ನೌಕರರನ್ನು ಮನೆಯಿಂದಲೇ ದುಡಿಸಿ ಎಂದರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಹೀಗೆ ದೇಶಕ್ಕಿಂತ ಹತ್ತು ದಿನ ಮೊದಲೇ ಖಾಲಿಯಾಗತೊಡಗಿದವು.

ರೋಗ ಹೊಸದು, ಔಷಧಿ ಇಲ್ಲ, ಲಸಿಕೆ ಇಲ್ಲ. ಜನ ಒಬ್ಬರಿಂದೊಬ್ಬರು ದೂರ ಇರುವುದು ಆಗ ಬೇಕಿತ್ತು, ಅದರಲ್ಲಿ ತಕರಾರಿಲ್ಲ. ಆದರೆ 21 ದಿನ ಎಂದು ಶುರುವಾಗಿ ಎರಡು ತಿಂಗಳಿಗೆ ಬೆಳೆದ ಲಾಕ್‌ಡೌನಿನಲ್ಲಿ ಸರ್ಕಾರ ಮನೆಯ ಮೇಲೆ ಎಷ್ಟು ಹೊರೆ ಹೇರಿತು ಎಂಬುದನ್ನು ನೆನೆಯಬೇಕು. ಮನೆಯೇ ಕಚೇರಿ, ಮನೆಯೇ ಶಾಲೆ, ಸೋಂಕಿನ ಶಂಕೆ ಇದ್ದವರಿಗೆ ಮನೆಯೇ ವಾರ್ಡು, ಸಂಬಳ ನಿಂತವರಿಗೆ ಮನೆಯೇ ಗಂಜಿಕೇಂದ್ರ. ಇಷ್ಟನ್ನು ಹೊರುವ ಮನೆ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಈ ಮೂರು ಉದ್ಯಮ ಪಟ್ಟಿಗಳಲ್ಲಿ ಎಷ್ಟು ಜನಕ್ಕಿತ್ತು? ಬೆಂಗಳೂರಿನ ಹೊರವಲಯ ಕಾರ್ಖಾನೆಗೆ ಜಾಗ ಕೊಟ್ಟಿತು, ಟೆಕ್ ಪಾರ್ಕಿಗೆ ಜಾಗ ಕೊಟ್ಟಿತು, ಅಲ್ಲಿ ದುಡಿಯುವವರು ರಾತ್ರಿ ಎಲ್ಲಿ ಮಲಗುತ್ತಾರೆಂಬುದನ್ನು ಯೋಜನೆಯ ಕಾಗದದಿಂದ ಬಿಟ್ಟುಬಿಟ್ಟಿತು. ಆ ಲೋಪ ಹಳೆಯದು. ಲಾಕ್‌ಡೌನ್ ಅದನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿತು. ಕಂಡದ್ದನ್ನು ಮರೆಯುವ ಕೆಲಸವೂ ಬೇಗನೇ ನಡೆಯುತ್ತಿದೆ.

ಐಟಿ ಉದ್ಯಮ ಮನೆ ಸೇರಿದ ರೀತಿ ನಿಜಕ್ಕೂ ದೊಡ್ಡ ಸಾಹಸ. ಕಾಲ್ ಸೆಂಟರ್, ಬಿಪಿಒ ನೌಕರರು ಮನೆಯಿಂದ ಕೆಲಸ ಮಾಡಬೇಕಾದರೆ ಕಂಪನಿ ಠೇವಣಿ ಇಡಬೇಕು, ಸುರಕ್ಷಿತ ಜಾಲ ಒದಗಿಸಬೇಕು ಎಂಬ ದೂರಸಂಪರ್ಕ ಇಲಾಖೆಯ ಕಟ್ಟುಪಾಡುಗಳಿದ್ದವು. ಮಾರ್ಚ್ 13ರಂದು ಇಲಾಖೆ ಅವನ್ನು ಸಡಿಲಿಸಿತು. ಗ್ರಾಹಕರ ಲೆಕ್ಕಪತ್ರ ಕಚೇರಿಯ ಗೋಡೆ ದಾಟಬಾರದೆಂದು ಕರಾರು ಬರೆಸಿಕೊಂಡಿದ್ದ ವಿದೇಶಿ ಬ್ಯಾಂಕುಗಳಿಂದ, ವಿಮಾ ಕಂಪನಿಗಳಿಂದ ಒಪ್ಪಿಗೆ ತರಿಸಿಕೊಳ್ಳಬೇಕಾಯಿತು. ಲ್ಯಾಪ್‌ಟಾಪ್ ಇಲ್ಲದವರಿಗೆ ಕಚೇರಿಯ ಡೆಸ್ಕ್‌ಟಾಪ್‌ಗಳನ್ನೇ ಕ್ಯಾಬಿಗೆ ಹೇರಿ ಮನೆಗೆ ಕಳಿಸಿದರು. ಏಪ್ರಿಲ್ ಹೊತ್ತಿಗೆ ದೊಡ್ಡ ಕಂಪನಿಗಳ ನೂರಕ್ಕೆ ತೊಂಬತ್ತು ಮಂದಿ ಮನೆಯಿಂದಲೇ ದುಡಿಯುತ್ತಿದ್ದರು. ಅದೇ ತಿಂಗಳು ಟಿಸಿಎಸ್, 2025ರ ಹೊತ್ತಿಗೆ ತನ್ನ ನೌಕರರಲ್ಲಿ ಕಾಲು ಭಾಗ ಕಚೇರಿಯಲ್ಲಿದ್ದರೆ ಸಾಕು ಎಂಬ ಯೋಜನೆಯನ್ನೇ ಮುಂದಿಟ್ಟಿತು.

ಕಚೇರಿಯ ಖರ್ಚೂ ಮನೆಗೆ ಬಂತು. ಕುರ್ಚಿ, ಟೇಬಲ್ಲು, ಕರೆಂಟು, ಇಂಟರ್‌ನೆಟ್, ಬೆಸ್ಕಾಂ ಕೈಕೊಟ್ಟಾಗ ಯುಪಿಎಸ್, ಎಲ್ಲವೂ ನೌಕರನ ಲೆಕ್ಕಕ್ಕೆ. ಕೊಳ್ಳೋಣವೆಂದರೆ ಅಂಗಡಿ ಮುಚ್ಚಿದೆ. ಲ್ಯಾಪ್‌ಟಾಪ್, ಮೊಬೈಲುಗಳನ್ನು ಏಪ್ರಿಲ್ 20ರಿಂದ ಆನ್‌ಲೈನಿನಲ್ಲಿ ಮಾರಬಹುದು ಎಂದು ಹೇಳಿದ್ದ ಕೇಂದ್ರ ಗೃಹ ಇಲಾಖೆ, ಹಿಂದಿನ ದಿನವೇ ಆ ಅನುಮತಿಯನ್ನು ವಾಪಸ್ ಪಡೆಯಿತು. ಬೆಂಗಳೂರು ನಗರ ಜಿಲ್ಲೆ ಕೆಂಪು ವಲಯದಲ್ಲಿದ್ದುದರಿಂದ ಮೇ ನಡುವಿನ ತನಕವೂ ಅಗತ್ಯ ವಸ್ತುಗಳಿಗಷ್ಟೇ ಡೆಲಿವರಿ. ಊಟದ ಮೇಜೇ ಗಂಡನ ಕಚೇರಿ, ಮಂಚದ ತುದಿ ಹೆಂಡತಿಯ ಕಚೇರಿ, ಬಾಲ್ಕನಿ ಮಗುವಿನ ಶಾಲೆಯಾದ ಎರಡು ಬೆಡ್‌ರೂಮಿನ ಫ್ಲ್ಯಾಟುಗಳು ವೈಟ್‌ಫೀಲ್ಡ್‌ನಲ್ಲಿ ಲೆಕ್ಕವಿಲ್ಲದಷ್ಟು. ಮೊಮ್ಮಕ್ಕಳನ್ನು ನೋಡಿಕೊಂಡು ಹೋಗಲು ಧಾರವಾಡದಿಂದಲೋ ಶಿವಮೊಗ್ಗದಿಂದಲೋ ಬಂದಿದ್ದ ಅಜ್ಜ ಅಜ್ಜಿಯರು ತಿರುಗಿ ಹೋಗಲಾರದೆ ಆ ಎರಡು ಬೆಡ್‌ರೂಮಿನಲ್ಲೇ ಉಳಿದರು. ಮಾರ್ಚ್ 28ರಿಂದ ದೂರದರ್ಶನ ಹಳೆಯ ರಾಮಾಯಣವನ್ನು ಮತ್ತೆ ಹಾಕಿದಾಗ ಹೆಚ್ಚು ಸಂತೋಷಪಟ್ಟವರು ಅವರೇ ಇರಬೇಕು.

ಆ ದಿನಗಳಲ್ಲಿ ಒಳ್ಳೆಯದೂ ಆಯಿತು. ಮಾರುಕಟ್ಟೆ ಮುಚ್ಚಿ ತೋಟದಲ್ಲೇ ದ್ರಾಕ್ಷಿ ಕೊಳೆಯುವ ಸ್ಥಿತಿ ಬಂದಾಗ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯ ಬೆಳೆಗಾರರು ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಕ್ರೇಟುಗಟ್ಟಲೆ ಹಣ್ಣು ಮಾರಿದರು. ಹಾಪ್‌ಕಾಮ್ಸ್ ವಾಹನ ಗೇಟಿಗೇ ಬಂತು. ಎದುರು ಫ್ಲ್ಯಾಟಿನವರ ಹೆಸರು ಎಷ್ಟೋ ಜನಕ್ಕೆ ಮೊದಲ ಸಲ ಗೊತ್ತಾದದ್ದು ಆಗಲೇ.

ಮನೆಗೆಲಸದ ಮಾತು ಬೇರೆ. ಗೇಟು ಮುಚ್ಚಿತು, ಕೆಲಸದವರು ಬರುವಂತಿಲ್ಲ. ಮೂರು ಹೊತ್ತಿನ ಅಡುಗೆ, ಪಾತ್ರೆ, ಬಟ್ಟೆ, ನೆಲ ಒರೆಸುವುದು ಮನೆಯವರ ಪಾಲಿಗೆ ಬಂತು. ಮನೆಯವರಲ್ಲಿ ಯಾರ ಪಾಲಿಗೆ ಎಂದು ಊಹಿಸಬೇಕಿಲ್ಲ, ಅಂಕಿಅಂಶವೇ ಇದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷ ಅದರಲ್ಲೇ ಕಳೆಯುತ್ತಾರೆ, ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ ಮಾತ್ರ. ಅಂಥವರು ನೂರಕ್ಕೆ 26. ಇದು ಲಾಕ್‌ಡೌನಿಗೆ ಮುಂಚಿನ ವರ್ಷದ ಸಂಗತಿ. ಹೀಗಿದ್ದ ಮನೆಗಳ ಮೇಲೆಯೇ ಕಚೇರಿ ಮತ್ತು ಶಾಲೆ ಎರಡೂ ಬಂದು ಬಿದ್ದವು. ಆ ಎರಡು ತಿಂಗಳು ಐಟಿ ಕಂಪನಿಗಳ ಗಡುವು ತಪ್ಪದಂತೆ ನೋಡಿಕೊಂಡವರಲ್ಲಿ, ರಾತ್ರಿ ಹನ್ನೊಂದರ ಕಾಲ್ ಮುಗಿಸಿ ಪಾತ್ರೆ ತೊಳೆದು ಮಲಗಿದ ಹೆಂಗಸರ ದುಡಿಮೆ ಯಾವ ವಾರ್ಷಿಕ ವರದಿಯಲ್ಲೂ ಬರಲಿಲ್ಲ.

ಗೇಟಿನ ಆಚೆ ನಿಂತವರು ಎಲ್ಲಿದ್ದರು? ಹೆಚ್ಚು ದೂರದಲ್ಲಿರಲಿಲ್ಲ. ನಲ್ಲೂರಹಳ್ಳಿ, ತೂಬರಹಳ್ಳಿ, ಮುನ್ನೇಕೊಳಾಲ, ಕಾಡುಗೋಡಿಯ ಶೀಟ್ ಮನೆಗಳಲ್ಲಿ, ಅದೇ ಅಪಾರ್ಟ್‌ಮೆಂಟುಗಳ ಹಿಂದುಗಡೆಯೇ ಇದ್ದರು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು, ಬಂಗಾಳ, ಬಿಹಾರ, ಒಡಿಶಾದವರು. ಮಾರ್ಚ್ ಸಂಬಳ ಕೊಟ್ಟ ಮನೆಗಳಿದ್ದವು, ಎರಡು ತಿಂಗಳ ಸಂಬಳವನ್ನು ಫೋನಿನಲ್ಲೇ ಕಳಿಸಿದ ಮನೆಗಳೂ ಇದ್ದವು. ಕೆಲಸಕ್ಕೆ ಬಾರದ ತಿಂಗಳಿಗೆ ಸಂಬಳ ಏಕೆ ಎಂದ ಮನೆಗಳೂ ಕಡಿಮೆ ಇರಲಿಲ್ಲ. ಮನೆಗೆಲಸದವರಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಕರಾರಿನ ಕಾಗದವಿಲ್ಲ. ನಾಳೆಯಿಂದ ಬರಬೇಡಿ ಎಂಬ ಒಂದು ಫೋನಿನ ಮೇಲೆ ಅವರ ಬದುಕು ನಿಂತಿತ್ತು. ಮೇ ತಿಂಗಳಲ್ಲಿ ಸರ್ಕಾರ ನಿರ್ಬಂಧ ಸಡಿಲಿಸಿದ ಮೇಲೂ ಎಷ್ಟೋ ಅಪಾರ್ಟ್‌ಮೆಂಟುಗಳು ಅವರನ್ನು ಒಳಗೆ ಬಿಡಲಿಲ್ಲ. ಸೋಂಕು ವಿಮಾನದಲ್ಲಿ ಬಂದದ್ದು, ಕೊಡ ಹಿಡಿದು ಬೀದಿಯಲ್ಲಿ ನಿಂತವಳಿಂದ ಬಂದದ್ದಲ್ಲ ಎಂದು ಆಗ ಗಟ್ಟಿಯಾಗಿ ಹೇಳಿದವರು ಬೆರಳೆಣಿಕೆಯಷ್ಟು.

ಸೋಂಕಿನ ಶಂಕೆ ಇದ್ದವರ ಮನೆಯೂ ಆ ದಿನಗಳಲ್ಲಿ ಮನೆಯಾಗಿ ಉಳಿಯಲಿಲ್ಲ. ವಿದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆ ಒತ್ತಿದರು, ಬಾಗಿಲಿಗೆ ನೋಟಿಸು ಅಂಟಿಸಿದರು. ಮಾರ್ಚ್ ಕೊನೆಯಲ್ಲಿ ರಾಜ್ಯ ಸರ್ಕಾರ ಹೊಸ ಆ್ಯಪ್ ಒಂದನ್ನು ತಂದು, ಕ್ವಾರಂಟೈನಿನಲ್ಲಿರುವವರು ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದಿತು. ಅವರ ಮನೆ ವಿಳಾಸಗಳ ಪಟ್ಟಿಯೇ ಊರೆಲ್ಲ ಹರಿದಾಡಿತು. ರೋಗದ ಭಯಕ್ಕಿಂತ ನೆರೆಯವರ ಭಯ ಹೆಚ್ಚಾಯಿತೆಂದು ಹಲವರು ಹೇಳಿದ್ದು ಸುಳ್ಳಲ್ಲ. ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ ಇರಬೇಕೆಂಬುದು ಮನೆ ಕ್ವಾರಂಟೈನಿನ ಮೊದಲ ಸೂಚನೆ. ಹತ್ತು ಮನೆಗೆ ಎರಡು ಶೌಚಾಲಯವಿರುವ ವಠಾರದಲ್ಲಿ ಆ ಸೂಚನೆಯನ್ನು ಓದಿಕೊಂಡು ಏನು ಮಾಡಬೇಕಿತ್ತು?

ಪಿಜಿಗಳದ್ದು ಇನ್ನೊಂದು ಕಥೆ. ಮಾರತ್‌ಹಳ್ಳಿ, ಕುಂದಲಹಳ್ಳಿ, ದೊಡ್ಡತೋಗೂರು, ನೀಲಾದ್ರಿ ರಸ್ತೆಯ ಉದ್ದಕ್ಕೂ ನಾಲ್ಕೈದು ಅಂತಸ್ತಿನ ಪಿಜಿಗಳಲ್ಲಿ ಒಂದು ಕೋಣೆಗೆ ಇಬ್ಬರು, ಮೂವರು. ಅಡುಗೆಯವರು ಊರಿಗೆ ಹೋದರು, ಹೋಟೆಲುಗಳು ಪಾರ್ಸಲ್ ಮಾತ್ರ ಕೊಡತೊಡಗಿದವು, ಕೋಣೆಯಲ್ಲಿ ಒಲೆ ಇಡಲು ಓನರ್ ಬಿಡುವುದಿಲ್ಲ. ಮೂವರೂ ಬೇರೆ ಬೇರೆ ಕಂಪನಿಯ ಮೀಟಿಂಗಿನಲ್ಲಿ ಒಂದೇ ಕೋಣೆಯಿಂದ ಮಾತನಾಡಬೇಕಾದ ಹುಡುಗ ಹುಡುಗಿಯರು ಮೆಟ್ಟಿಲ ಮೇಲೆ, ಟೆರೇಸಿನ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಕೆಲಸ ಮಾಡಿದರು. ಕಾರ್ಪೊರೇಟ್ ಕ್ಯಾಂಪಸ್ಸಿನ ಹೊಳಪನ್ನು ನೋಡಿ ಐಟಿಯವರೆಲ್ಲ ಸುಖವಾಗಿದ್ದರೆಂದು ತಿಳಿಯುವುದು ತಪ್ಪು. ಕೆಲಸಕ್ಕೆ ಸೇರಿ ವರ್ಷ ತುಂಬದ ಫ್ರೆಷರ್‌ಗಳಿಗೆ ಆ ಕ್ಯಾಂಪಸ್ಸೇ ಗಾಳಿ ಬೆಳಕಿದ್ದ ಏಕೈಕ ಮನೆಯಾಗಿತ್ತು, ಊಟವೂ ಅಲ್ಲೇ, ಆಟವೂ ಅಲ್ಲೇ. ಅದರ ಗೇಟು ಮುಚ್ಚಿದಾಗ ಅವರ ಕೈಲಿ ಉಳಿದದ್ದು ಒಂದು ಕಬ್ಬಿಣದ ಮಂಚ ಮತ್ತು ಒಂದು ಪ್ಲಗ್ ಪಾಯಿಂಟ್.

ಪೀಣ್ಯದ ಕಡೆ ನೋಡಿದರೆ ಮನೆಯಿಂದ ಕೆಲಸ ಎಂಬ ಮಾತಿಗೇ ಜಾಗವಿರಲಿಲ್ಲ. ಲೇತು, ಸಿಎನ್‌ಸಿ, ಪ್ಲೇಟಿಂಗ್, ಪೌಡರ್ ಕೋಟಿಂಗ್ ಶೆಡ್ಡುಗಳು ಸಾವಿರಾರು. ಅವುಗಳಲ್ಲಿ ಎಂಟು ಹತ್ತು ಜನ ದುಡಿಯುವ ಸಣ್ಣವೇ ಹೆಚ್ಚು. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರು. ಅವರು ಇರುವುದು ಹೆಗ್ಗನಹಳ್ಳಿ, ಚೊಕ್ಕಸಂದ್ರ, ದಾಸರಹಳ್ಳಿ, ಲಗ್ಗೆರೆಯ ಒಂದು ಕೋಣೆಯ ಮನೆಗಳಲ್ಲಿ. ಬೆಳಗ್ಗೆ ಎಂಟೂವರೆಗೆ ಬೀಗ ಹಾಕಿ ಹೋದರೆ ಸಂಜೆ ಆರರ ಮೇಲೆ ತೆರೆಯುವ ಮನೆ ಅದು. ಗಂಡ ಒಂದು ಶಿಫ್ಟು, ಹೆಂಡತಿ ಒಂದು ಶಿಫ್ಟು, ಮಕ್ಕಳು ಶಾಲೆಗೆ. ಎಲ್ಲರೂ ಒಟ್ಟಿಗೆ ಹಗಲಿಡೀ ಇರಲಿ ಎಂದು ಕಟ್ಟಿದ ಮನೆಯೇ ಅದಲ್ಲ. ಏಪ್ರಿಲ್ ಬಿಸಿಲಿಗೆ ಮೇಲಿನ ಶೀಟು ಕಾದರೆ ಮಧ್ಯಾಹ್ನ ಒಳಗಿರಲಾಗದು, ಹೊರಗೆ ನಿಂತರೆ ಪೊಲೀಸರ ಲಾಠಿ.

ನೀರಿನದು ಇನ್ನೂ ಕಷ್ಟ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಮಹದೇವಪುರ, ದಾಸರಹಳ್ಳಿ ಕಡೆಯ ಹಳ್ಳಿಗಳು ಹಾಗೆ ನಗರದೊಳಗೆ ಬಂದವು. ಆ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತದ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಂದರೆ ಕೊರೊನಾ ಬಂದಾಗ ನಗರಕ್ಕೆ ಸೇರಿ ಹದಿಮೂರು ವರ್ಷವಾಗಿದ್ದ ಈ ಹಳ್ಳಿಗಳ ಬಹುಪಾಲು ಜನ ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನೆಚ್ಚಿಕೊಂಡಿದ್ದರು. ಹೊತ್ತುಹೊತ್ತಿಗೆ ಕೈ ತೊಳೆಯಿರಿ ಎಂದು ಫೋನಿನ ರಿಂಗ್ ಜಾಗದಲ್ಲಿ ಕೆಮ್ಮಿನ ಸದ್ದಿನೊಂದಿಗೆ ಕೇಳುತ್ತಿತ್ತು. ಸಂಪಿನ ಕೀಲಿ ಓನರ್ ಕೈಯಲ್ಲಿ, ನೀರು ಬಿಡುವುದು ಬೆಳಗ್ಗೆ ಅರ್ಧ ಗಂಟೆ. ಆ ಅರ್ಧ ಗಂಟೆ ವಠಾರದ ಎಲ್ಲ ಕೊಡಗಳೂ ಒಂದೇ ನಲ್ಲಿಯ ಮುಂದೆ.

ರೇಷನ್ ಮಾತಿಗೆ ಬಂದರೆ, ರಾಜ್ಯ ಸರ್ಕಾರ ಎರಡು ತಿಂಗಳ ಪಡಿತರವನ್ನು ಒಟ್ಟಿಗೆ ಕೊಡುವ ತೀರ್ಮಾನ ಮಾಡಿತು. ಕೇಂದ್ರ ತಲೆಗೆ ಐದು ಕಿಲೊ ಧಾನ್ಯವನ್ನು ಮೂರು ತಿಂಗಳು ಪುಕ್ಕಟೆ ಕೊಟ್ಟಿತು. ಮಿಕ್ಕ ನಂದಿನಿ ಹಾಲನ್ನು ಸರ್ಕಾರವೇ ಕೊಂಡು ಏಪ್ರಿಲಿನಲ್ಲಿ ಕೊಳೆಗೇರಿಗಳಿಗೆ ಹಂಚಿತು. ಇವು ಒಳ್ಳೆಯ ಕೆಲಸಗಳು, ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸಿದವು. ಆದರೆ ಕಾರ್ಡು ಬಿಹಾರದಲ್ಲೋ ಒಡಿಶಾದಲ್ಲೋ ಇದ್ದವನಿಗೆ ಪೀಣ್ಯದ ನ್ಯಾಯಬೆಲೆ ಅಂಗಡಿ ಏನು ಕೊಡುತ್ತದೆ? ಸಿಕ್ಕಿಹಾಕಿಕೊಂಡ ಕಾರ್ಮಿಕರ ಫೋನ್ ಕರೆಗಳಿಗೆ ಓಗೊಡುತ್ತಿದ್ದ ಸ್ವಾನ್ ಎಂಬ ಸ್ವಯಂಸೇವಕರ ಜಾಲ, ಲಾಕ್‌ಡೌನಿನ ಮೊದಲ 21 ದಿನಗಳ ಕೊನೆಗೆ ದೇಶದ ಹನ್ನೊಂದು ಸಾವಿರ ಕಾರ್ಮಿಕರ ಸ್ಥಿತಿಯನ್ನು ವರದಿ ಮಾಡಿತು. ಸರ್ಕಾರದ ರೇಷನ್ ಸಿಗದವರು ನೂರಕ್ಕೆ 96, ಮಾಲೀಕರಿಂದ ಸಂಬಳ ಬಾರದವರು ನೂರಕ್ಕೆ 89. ಅರ್ಧದಷ್ಟು ಜನರ ಬಳಿ ಮರುದಿನಕ್ಕೆ ಸಾಲುವಷ್ಟು ದಿನಸಿಯೂ ಇರಲಿಲ್ಲ.

ಬಾಡಿಗೆಗೂ ಒಂದು ಆದೇಶ ಬಂದಿತ್ತು. ಕಾರ್ಮಿಕರಿಂದ, ವಲಸಿಗರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು, ಮಾಲೀಕರು ಪೂರ್ತಿ ಸಂಬಳ ಕೊಡಬೇಕು ಎಂದು ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಹೇಳಿತು. ಓದಲು ಚೆನ್ನಾಗಿದ್ದ ಆದೇಶ. ಆದರೆ ಈ ಉದ್ಯಮ ಪಟ್ಟಿಗಳ ಬಾಡಿಗೆದಾರರಲ್ಲಿ ಎಷ್ಟು ಜನರ ಬಳಿ ಕರಾರು ಪತ್ರ ಇದೆ? ಅಡ್ವಾನ್ಸ್ ಹಣ ಓನರ್ ಬಳಿ, ಬಾಯಿಮಾತಿನ ಒಪ್ಪಂದ, ಕೊಟ್ಟದ್ದಕ್ಕೆ ರಸೀದಿ ಇಲ್ಲ. ಬಾಡಿಗೆ ಕೊಡದಿದ್ದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇನೆ ಎಂದರೆ ಯಾವ ಠಾಣೆಗೆ ಹೋಗುವುದು? ಓನರ್‌ಗಳ ಪೈಕಿಯೂ ಎಲ್ಲರೂ ಸಾಹುಕಾರರಲ್ಲ. ಜಮೀನು ಹೋದ ಮೇಲೆ ಉಳಿದ ಎರಡು ಗುಂಟೆಯಲ್ಲಿ ಆರು ಕೋಣೆ ಕಟ್ಟಿ ಅದರ ಬಾಡಿಗೆಯಲ್ಲೇ ಬದುಕುವ ಹಳೆಯ ಊರಿನವರು ಅವರಲ್ಲಿದ್ದಾರೆ. ಅವರಲ್ಲಿ ಅರ್ಧ ಬಾಡಿಗೆ ಬಿಟ್ಟವರಿದ್ದರು, ಅಕ್ಕಿ ಕೊಟ್ಟವರಿದ್ದರು. ಒಬ್ಬರ ದಯೆಯ ಮೇಲೆ ಒಂದು ವರ್ಗದ ಬದುಕು ನಿಲ್ಲಬಾರದು ಎಂಬುದಷ್ಟೇ ಇಲ್ಲಿನ ಆಕ್ಷೇಪ. ಮೇ 17ರಂದು ಆ ಆದೇಶವೂ ಹಿಂದೆ ಸರಿಯಿತು.

ಗಾರ್ಮೆಂಟ್ಸ್ ಹೆಂಗಸರ ಕೈ ಹಿಡಿದ ಒಂದು ಸಂಗತಿಯನ್ನು ಇಲ್ಲಿ ನೆನೆಯಲೇಬೇಕು. 2016ರ ಏಪ್ರಿಲಿನಲ್ಲಿ ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ಸುದ್ದಿ ಹಬ್ಬಿತು. ಯಾವ ದೊಡ್ಡ ಸಂಘದ ಕರೆಯೂ ಇಲ್ಲದೆ ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್‌ಗೂ ಅದು ಹಬ್ಬಿತು. ಎರಡೇ ದಿನದಲ್ಲಿ ಕೇಂದ್ರ ನಿಯಮವನ್ನು ಕೈಬಿಟ್ಟಿತು. ಊರವರು ಅವರನ್ನು ಆಗ ಟ್ರಾಫಿಕ್ ಜಾಮ್ ಮಾಡಿದವರೆಂದು ಬೈದದ್ದೇ ಹೆಚ್ಚು. ನಾಲ್ಕು ವರ್ಷದ ಮೇಲೆ ಕಾರ್ಖಾನೆಗಳು ಮುಚ್ಚಿ, ಮೂರು ತಿಂಗಳ ಸಂಬಳದಷ್ಟೋ ಖಾತೆಯ ಮುಕ್ಕಾಲು ಭಾಗವೋ ಯಾವುದು ಕಡಿಮೆಯೋ ಅಷ್ಟನ್ನು ಪಿಎಫ್‌ನಿಂದ ತೆಗೆಯಬಹುದೆಂದು ಸರ್ಕಾರವೇ ಹೇಳಿದಾಗ, ಕಷ್ಟಕಾಲಕ್ಕೆ ಪಿಎಫ್ ಎಂದರೆ ಏನೆಂಬುದು ಎಲ್ಲರಿಗೂ ತಿಳಿಯಿತು. ಅದು ನಿವೃತ್ತಿಯ ಗಂಟಲ್ಲ, ಕೆಲಸ ಹೋದ ತಿಂಗಳ ಬಾಡಿಗೆ ಎಂದು ಆ ಹೆಂಗಸರಿಗೆ 2016ರಲ್ಲೇ ಗೊತ್ತಿತ್ತು.

ಏಪ್ರಿಲ್ ಕಳೆಯುವ ಹೊತ್ತಿಗೆ ಕೈಯ ದುಡ್ಡು ಮುಗಿದಿತ್ತು, ತಾಳ್ಮೆಯೂ ಮುಗಿದಿತ್ತು. ಮೇ 3ರಿಂದ ರಾಜ್ಯದ ಶ್ರಮಿಕ್ ವಿಶೇಷ ರೈಲುಗಳು ಚಿಕ್ಕಬಾಣಾವರದಿಂದ, ಮಾಲೂರಿನಿಂದ ಹೊರಟವು. ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ಸಿಗೆ ದುಪ್ಪಟ್ಟು ದರ ಕೇಳಿದ್ದು ದೊಡ್ಡ ಗದ್ದಲವಾಗಿ ಆಮೇಲೆ ಪ್ರಯಾಣ ಉಚಿತವಾಯಿತು. 4ರಂದು ತುಮಕೂರು ರಸ್ತೆಯ ಮಾದಾವರದ ಬಳಿ, ಬಿಐಇಸಿ ವಸ್ತುಪ್ರದರ್ಶನ ಕೇಂದ್ರದ ಹತ್ತಿರ, ನಮ್ಮನ್ನು ಊರಿಗೆ ಕಳಿಸಿ ಎಂದು ನೆರೆದಿದ್ದ ಉತ್ತರ ಭಾರತದ ಕಾರ್ಮಿಕರಿಗೂ ಪೊಲೀಸರಿಗೂ ಘರ್ಷಣೆಯಾಯಿತು, ಕಲ್ಲು ತೂರಾಟ ನಡೆಯಿತು. 5ರಂದು ಮುಖ್ಯಮಂತ್ರಿ ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಅದೇ ದಿನ ಸರ್ಕಾರ, ನಾಳೆಯಿಂದ ರೈಲು ಬೇಡ ಎಂದು ನೈಋತ್ಯ ರೈಲ್ವೆಗೆ ಪತ್ರ ಬರೆಯಿತು. ಕಟ್ಟಡದ ಕೆಲಸ ಮತ್ತೆ ಶುರುವಾಗಬೇಕು, ಕೂಲಿಯವರು ಹೋಗಿಬಿಟ್ಟರೆ ಗತಿ ಏನು ಎಂಬುದು ಕಾರಣ. ದೇಶದ ಉದ್ದಗಲಕ್ಕೂ ಟೀಕೆ ಬಂದ ಮೇಲೆ 8ರಿಂದ ರೈಲುಗಳು ಮತ್ತೆ ಹೊರಟವು.

ಆ ಒಂದು ಪತ್ರ ಕರ್ನಾಟಕದ ಇತ್ತೀಚಿನ ಇತಿಹಾಸದ ನಾಚಿಕೆಗೇಡಿನ ಕಾಗದಗಳಲ್ಲಿ ಒಂದು. ಇರಲು ನೆಟ್ಟಗೆ ಮನೆ ಕೊಡದೆ, ಉಣ್ಣಲು ಕೂಲಿ ಕೊಡದೆ, ಹೋಗಲೂ ಬಿಡದಿರುವುದಕ್ಕೆ ಜೀತ ಎನ್ನದೆ ಬೇರೆ ಏನೆನ್ನಬೇಕು? ಅದೇ ಮೇ 22ರಂದು ಕಾರ್ಖಾನೆಯ ದುಡಿಮೆಯನ್ನು ದಿನಕ್ಕೆ ಹತ್ತು ತಾಸಿಗೆ ಏರಿಸುವ ಅಧಿಸೂಚನೆಯನ್ನೂ ಹೊರಡಿಸಿದರು. ಅದು ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಜೂನಿನಲ್ಲಿ ವಾಪಸ್ ಪಡೆದರು. ಇನ್ನೊಂದು ಸಂಗತಿ. ಕಾರ್ಮಿಕರು ಊರಿಗಾಗಿ ಗೋಗರೆದ ಅದೇ ಮಾದಾವರದ ಬಿಐಇಸಿಯಲ್ಲಿ ಜುಲೈನಲ್ಲಿ ಹತ್ತು ಸಾವಿರ ಹಾಸಿಗೆಗಳ ಕೋವಿಡ್ ಆರೈಕೆ ಕೇಂದ್ರ ಎದ್ದು ನಿಂತಿತು. ಬಹುಪಾಲು ಹಾಸಿಗೆಗಳು ಬಳಕೆಯಾಗದೆಯೇ ಸೆಪ್ಟೆಂಬರಿನಲ್ಲಿ ಅದು ಮುಚ್ಚಿತು. ಮನಸ್ಸು ಮಾಡಿದರೆ ಸರ್ಕಾರಕ್ಕೆ ವಾರಗಳಲ್ಲಿ ಎಷ್ಟು ಜನಕ್ಕೆ ಮಂಚ, ಫ್ಯಾನು, ಶೌಚಾಲಯ ಒದಗಿಸಲು ಸಾಧ್ಯ ಎಂಬುದು ಅಲ್ಲಿ ಕಂಡಿತು.

ಬೆಂಗಳೂರು ಹಿಂದಿನಿಂದಲೂ ಹೀಗೇ ಇರಲಿಲ್ಲ. 1948ರಲ್ಲಿ ದೂರವಾಣಿ ಕಾರ್ಖಾನೆ ಐಟಿಐ ಬಂದಾಗ ಹಳೆ ಮದ್ರಾಸ್ ರಸ್ತೆಯಲ್ಲಿ ದೂರವಾಣಿನಗರ ಎದ್ದಿತು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಮರುವರ್ಷ ಅಲ್ಲೇ ಬಿಇಎಲ್. ಕಾರ್ಖಾನೆಯ ಜೊತೆಗೇ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಆಟದ ಬಯಲು, ರಂಗಮಂದಿರ. ಎಲ್ಲ ಕಾರ್ಮಿಕರಿಗೂ ಮನೆ ಸಿಗಲಿಲ್ಲ, ನಿಜ. ಆದರೆ ಕಾರ್ಖಾನೆ ಎಂದರೆ ಅದರ ಜನ ಬದುಕುವ ಜಾಗವೂ ಸೇರಿದ್ದು ಎಂಬ ತಿಳಿವಳಿಕೆ ನಕ್ಷೆಯಲ್ಲಿತ್ತು. ಆ ಎಚ್‌ಎಂಟಿ ಕಾಲೊನಿಯ ಮಗ್ಗುಲಲ್ಲೇ 1970ರ ದಶಕದಲ್ಲಿ ಬೆಳೆದ ಪೀಣ್ಯದಲ್ಲಿ ಶೆಡ್ಡು, ನಿವೇಶನ, ರಸ್ತೆ ಇದ್ದವು, ಕಾರ್ಮಿಕನ ಮನೆಯ ಯೋಚನೆ ಇರಲಿಲ್ಲ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರ ಕನಸಿನಿಂದ ದೊಡ್ಡತೋಗೂರು, ಕೋನಪ್ಪನ ಅಗ್ರಹಾರದ 332 ಎಕರೆಯಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಸಿಟಿಯೂ ಇದೇ ದಾರಿ ಹಿಡಿಯಿತು. 2013ರಲ್ಲಿ ಅದಕ್ಕೆ ತನ್ನದೇ ಟೌನ್‌ಶಿಪ್ ಪ್ರಾಧಿಕಾರ ಬಂತು, ಒಳಗಿನ ರಸ್ತೆ, ಕಾಲುವೆ, ದೀಪಗಳು ಚೆನ್ನಾದವು. ಗಡಿ ದಾಟಿದ ಕೂಡಲೇ ಸಿಗುವ ಹಳ್ಳಿಯ ಗಲ್ಲಿಗಳಲ್ಲಿ ಅಲ್ಲಿನ ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು, ಕ್ಯಾಬ್ ಡ್ರೈವರುಗಳು ಇರುತ್ತಾರೆ. ಅವರ ಚರಂಡಿ ಆ ಪ್ರಾಧಿಕಾರದ ಲೆಕ್ಕಕ್ಕೆ ಸೇರುವುದಿಲ್ಲ.

ಮನೆಯನ್ನು ಉದ್ಯಮ ನೀತಿಯೊಳಗೆ ತರಬೇಕು ಎಂಬ ಬೇಡಿಕೆ ಹೀಗೆ ಹೊಸದೇನಲ್ಲ, ಬಿಟ್ಟುಹೋದದ್ದನ್ನು ಮತ್ತೆ ಕೇಳುವುದು ಅಷ್ಟೇ. ಲಾಕ್‌ಡೌನಿನ ಬಿಸಿಯಲ್ಲಿ ಕೇಂದ್ರ ಸಂಪುಟ 2020ರ ಜುಲೈನಲ್ಲಿ ಕಡಿಮೆ ಬಾಡಿಗೆಯ ವಸತಿ ಸಮುಚ್ಚಯಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವಲಸೆ ಕಾರ್ಮಿಕರಿಗಾಗಿ ಬಾಡಿಗೆ ಮನೆ ಕಟ್ಟುವ ಮೊದಲ ದೊಡ್ಡ ಮಾತು ಅದು. ಪೀಣ್ಯ, ಬೊಮ್ಮಸಂದ್ರದಲ್ಲಿ ಅದರ ಗುರುತು ಕಾಣದು. 2024ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಆವೃತ್ತಿಯಲ್ಲೂ ಬಾಡಿಗೆ ವಸತಿಗೆ ಜಾಗವಿದೆ. ನೆರೆಯ ತಮಿಳುನಾಡು ಅದೇ ವರ್ಷ ಶ್ರೀಪೆರಂಬದೂರಿನ ಬಳಿ ವಲ್ಲಂ ವಡಗಾಲಿನ ಕೈಗಾರಿಕಾ ಪ್ರದೇಶದಲ್ಲಿ 18,720 ಹೆಂಗಸರು ಉಳಿಯಬಹುದಾದ ವಸತಿ ಕಟ್ಟಡಗಳನ್ನು ತೆರೆಯಿತು. ಸರ್ಕಾರವೇ ಭೂಮಿ ಕೊಟ್ಟು ಕಟ್ಟಿದರೆ ಇಂಥದ್ದು ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಆದರೂ ಹಾಸ್ಟೆಲನ್ನೇ ಮನೆ ಎಂದು ಒಪ್ಪಿಕೊಳ್ಳಬಾರದು. ಕಾರ್ಖಾನೆಯ ವಸತಿಯಲ್ಲಿರುವ ಹೆಣ್ಣುಮಗಳಿಗೆ ಕೆಲಸ ಹೋದ ದಿನವೇ ಸೂರೂ ಹೋಗುತ್ತದೆ. ಹೊರಗೆ ಹೋಗುವ ಹೊತ್ತು, ಬರುವ ಹೊತ್ತು ಸೂಪರ್‌ವೈಸರ್ ಕೈಯಲ್ಲಿ ಇರುತ್ತದೆ. ಮುಂದೊಮ್ಮೆ ಇಂಥದೇ ರೋಗ ಬಂದರೆ ಅಲ್ಲಿ ಸಾವಿರಾರು ಜನ ಒಂದೇ ಅಡುಗೆಮನೆಯ ಊಟಕ್ಕೆ ಸಾಲು ನಿಲ್ಲಬೇಕಾಗುತ್ತದೆ. ಹತ್ತು ವರ್ಷದಿಂದ ಗಾರ್ಮೆಂಟ್ಸ್ ಲೈನಿನಲ್ಲಿ ಕೂತಿರುವ ಟೈಲರ್‌ಗೆ ಬೇಕಿರುವುದು ಗಂಡ, ಮಕ್ಕಳು, ಬೇಕಾದರೆ ಊರಿಂದ ಬಂದ ತಾಯಿ, ಎಲ್ಲರೂ ಇರಬಹುದಾದ ಎರಡು ಕೋಣೆ, ಒಳಗೇ ಶೌಚಾಲಯ, ದಿನವೂ ನೀರು, ಮತ್ತು ಅವಳ ಹೆಸರಿನ ಬಾಡಿಗೆ ಕರಾರು.

ಈಗ ಇದನ್ನು ಹೇಳುವುದಕ್ಕೆ ತುರ್ತು ಕಾರಣವೂ ಇದೆ. ಮೆಟ್ರೊ 2023ರಲ್ಲಿ ವೈಟ್‌ಫೀಲ್ಡ್‌ಗೆ ಬಂತು, 2024ರ ನವೆಂಬರಿನಲ್ಲಿ ಮಾದಾವರಕ್ಕೆ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ. ಮೂರೂ ಉದ್ಯಮ ಪಟ್ಟಿಗಳಿಗೆ ರೈಲು ಬಂದದ್ದು ಸಂತೋಷದ ವಿಷಯ. ಆದರೆ ರೈಲಿನ ಹಿಂದೆಯೇ ಜಾಗದ ಬೆಲೆಯೂ ಏರುತ್ತದೆ. ಶೀಟ್ ಮನೆ ಕೆಡವಿ ಪಿಜಿ ಕಟ್ಟುತ್ತಾರೆ, ಒಂದು ಕೋಣೆಯವರು ಇನ್ನೂ ಹೊರಗೆ, ಇನ್ನೊಂದು ಬಸ್ಸಿನ ದೂರಕ್ಕೆ ಸರಿಯುತ್ತಾರೆ. ಐದು ಪಾಲಿಕೆಗಳಾಗಿ ಒಡೆದಿರುವ ಬೆಂಗಳೂರಿನಲ್ಲಿ ಈ ಅಂಚಿನ ಬಡಾವಣೆಗಳ ಹೊಣೆ ಬೇರೆ ಬೇರೆ ಪಾಲಿಕೆಗಳಿಗೆ ಹಂಚಿಹೋಗಿದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮತ್ತು ಮೆಟ್ರೊ ನಿಗಮದ ಕೈಯಲ್ಲಿ ಮಾದಾವರ, ಕಾಡುಗೋಡಿ, ಬೊಮ್ಮಸಂದ್ರದ ಸುತ್ತಮುತ್ತ ಉಳಿದಿರುವ ಭೂಮಿಯ ಒಂದು ಪಾಲನ್ನು ಮಾಲಿಗೂ ಟವರಿಗೂ ಕೊಡುವ ಮೊದಲು ಗಾರ್ಮೆಂಟ್ಸ್, ಮನೆಗೆಲಸ, ಕಟ್ಟಡ ಕಾರ್ಮಿಕರ ಬಾಡಿಗೆ ಮನೆಗೆ ಮೀಸಲಿಡುವ ತೀರ್ಮಾನವನ್ನು ರಾಜ್ಯ ಸರ್ಕಾರ ಮಾಡಬೇಕಿದೆ. ಹೊಸ ಟೆಕ್ ಪಾರ್ಕಿಗೆ, ಹೊಸ ಕಾರ್ಖಾನೆಗೆ ಅನುಮತಿ ಕೇಳಿ ಬರುವ ಪ್ರತಿ ಅರ್ಜಿಯಲ್ಲೂ ನೀರು, ಕರೆಂಟು, ಪಾರ್ಕಿಂಗ್ ಎಷ್ಟು ಬೇಕು ಎಂಬ ಪ್ರಶ್ನೆ ಇರುತ್ತದೆ. ಎಷ್ಟು ಜನ ದುಡಿಯುತ್ತಾರೆ, ಅವರು ಎಲ್ಲಿ ಇರುತ್ತಾರೆ ಎಂಬ ಪ್ರಶ್ನೆಯನ್ನೂ ಅದರ ಜೊತೆ ಸೇರಿಸಬೇಕು, ಉತ್ತರವಿಲ್ಲದ ಅರ್ಜಿಗೆ ಸಹಿ ಬೀಳಬಾರದು.